ಲಿಸ್ಬನ್ನಿನಿಂದ ಫುಂಚಾಲಿಗೆ ಒಂದೂ ಮುಕ್ಕಾಲು ಗಂಟೆ

ಅಂಕೋಲೆ

“ಲಿಸ್ಬನ್ನಿನಿಂದ ಫುಂಚಾಲಿಗೆ ಒಂಬೈನೂರಾ ಅರವತ್ತು ಚಿಲ್ಲರೆ ಕಿಲೋಮೀಟರು, ಅಕ್ಕೋರೆ. ವಿಮಾನದಲ್ಲಿ ಒಂದೂ ಮುಕ್ಕಾಲು ಗಂಟೆ. ಇದೊಂದು ದೂರವೇ ಅಲ್ಲ” ಎಂದು ಕಾರವಾರದ ಟಿಕೆಟ್ ಏಜೆಂಟರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. “ದೊಡ್ಡ ಪ್ರಯಾಣ ಎಲ್ಲಾ ಅದಕ್ಕಿಂತ ಮುಂಚೇನೇ ಮುಗ್ದೋಗ್ತದೆ. ಇದು ಕಡೇಗೊಂದು ಸಣ್ಣ ಜಿಗಿತ.”

ನಾನು ಬರೆಯಹೊರಟಿರುವುದು ಆ ಸಣ್ಣ ಜಿಗಿತದ ಕುರಿತೇ. ಯುರೋಪು ಹೇಗಿದೆ ಎಂದು ಕೇಳುವವರಿಗೆ ಹೇಳಲು ನನ್ನಲ್ಲಿ ಬೇರೇನೂ ಇಲ್ಲ. ನಾನು ಅಲ್ಲಿ ಗೋಪುರ ಹತ್ತಲಿಲ್ಲ, ಹಿಮ ಮುಟ್ಟಲಿಲ್ಲ, ಫೋಟೊ ತೆಗೆಯಲಿಲ್ಲ. ಹೆದರಿದೆ, ಅಷ್ಟೆ.

2006ರ ಮೇ ತಿಂಗಳು. ನಾನು ಅಂಕೋಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ತವರು ಕೇಣಿ, ಮೀನುಗಾರರ ಮನೆ. ನಮ್ಮ ಅಪ್ಪ ರಂಪಣಿ ಬಲೆ ಎಳೆದು ಬದುಕಿದವರು. ತಮ್ಮ ಗಣಪತಿಯನ್ನು ನಾವು ಗಣಪು ಅನ್ನುತ್ತೇವೆ. ಅವನು ಬಲೆ ಬಿಟ್ಟು ಪ್ರವಾಸಿ ಹಡಗೊಂದರ ಅಡುಗೆಮನೆಗೆ ಸೇರಿ ಆರು ವರ್ಷವಾಗಿತ್ತು. ಆ ವರ್ಷ ಹಡಗು ಹೊಯ್ದಾಡುವಾಗ ಉಗ್ರಾಣದಲ್ಲಿ ಎಣ್ಣೆಯ ದೊಡ್ಡ ಡಬ್ಬಗಳು ಕಟ್ಟು ಬಿಚ್ಚಿಕೊಂಡು ಜಾರಿ ಅವನ ಬಲಗಾಲನ್ನು ಗೋಡೆಗೆ ಒತ್ತಿ ಜಜ್ಜಿದವು. ಹಡಗಿನವರು ಅವನನ್ನು ಹತ್ತಿರದ ಬಂದರಿನ ಆಸ್ಪತ್ರೆಗೆ ಸೇರಿಸಿ ಮುಂದೆ ಹೋದರು. ಆ ಬಂದರೇ ಫುಂಚಾಲ್. ಅಟ್ಲಾಂಟಿಕ್ ಸಮುದ್ರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಮದೈರಾ ಎಂಬ ದ್ವೀಪದಲ್ಲಿದೆ.

ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಗಾಯ ಮಾಗಲಿಲ್ಲ, ಕೊಳೆಯತೊಡಗಿತು. ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ತಡವಾದರೆ ವಿಷ ಮೇಲೇರುತ್ತದೆ ಎಂದು ವೈದ್ಯರು ಹೇಳಿದರು. ಗಣಪು ಕಾಗದಕ್ಕೆ ಸಹಿ ಮಾಡಲು ಒಪ್ಪಲಿಲ್ಲ. ಫೋನಿನಲ್ಲಿ ನನಗೆ ಹೇಳಿದ ಮಾತು ಇಷ್ಟೇ: “ಅಕ್ಕಾ, ಇವ್ರ ಭಾಷೆ ನಂಗೆ ತಿಳೂದಿಲ್ಲ, ಇವ್ರ ಮುಖ ತಿಳೂದಿಲ್ಲ. ಕಾಲು ಕೊಯ್ಸ್ಕಂಡು ಕೇಣಿಗೆ ಹೆಂಗೆ ಬರ್ಲಿ? ನೀ ಬರೂವರೆಗೆ ನಾ ಸಹಿ ಮಾಡೂದಿಲ್ಲ.”

ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು. ತಾನು ಎಂದಾದರೂ ದುಬೈ ತೋರಿಸುತ್ತೇನೆಂದು ಅವನೇ ಹಟ ಹಿಡಿದು ಮಾಡಿಸಿದ್ದ. ಅಪಘಾತದ ಸುದ್ದಿ ಬಂದ ದಿನವೇ ಪಣಜಿಯಲ್ಲಿ ವೀಸಾಕ್ಕೆ ಕೊಟ್ಟಿದ್ದರಿಂದ ಅದೂ ಬಂತು. ನಮ್ಮ ಅಮ್ಮನಿಗೆ, ಆಯಿಗೆ, ಕಾಲಿನ ವಿಷಯ ಹೇಳಿರಲಿಲ್ಲ. “ಪೆಟ್ಟಾಗ್ಯದೆ, ಕರ್ಕಂಡು ಬರ್ತೆ” ಎಂದಷ್ಟೇ ಅಂದಿದ್ದೆ. ಅವಳು ಒಣಸಿಗಡಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ನನ್ನ ಚೀಲದ ತಳಕ್ಕೆ ತುರುಕಿದಳು.

“ಅಲ್ಲಿ ಅವಂಗೆ ಬಾಯಿ ರುಚಿ ಇರೂದಿಲ್ಲ. ಚಟ್ನಿ ಮಾಡ್ಕೊಡು” ಅಂದಳು. ಆಮೇಲೆ ನನ್ನ ಮುಖ ನೋಡಿ, “ನೀ ಎಂತಕ್ಕೆ ಹೀಂಗೆ ಬೆವರ್ತೆ?” ಎಂದು ಕೇಳಿದಳು.

ನಾನು ಸೆಖೆ ಎಂದೆ.

ನಿಜ ಹೇಳಬೇಕೆಂದರೆ ನನಗೆ ಎರಡು ಹೆದರಿಕೆಗಳಿದ್ದವು. ಒಂದು ವಿಮಾನದ್ದು. ಬಸ್ಸಿನಲ್ಲಿ ಕಾರವಾರಕ್ಕೆ ಹೋಗುವಾಗಲೂ ಬಿಣಗಾ ಘಟ್ಟದ ತಿರುವಿನಲ್ಲಿ ಕಣ್ಣು ಮುಚ್ಚುವವಳು ನಾನು. ಇನ್ನೊಂದು ಅದಕ್ಕಿಂತ ದೊಡ್ಡದು. ಅಲ್ಲಿಗೆ ಹೋಗಿ ಅವನ ಹಾಸಿಗೆಯ ಪಕ್ಕ ನಿಂತು, “ತಮಾ, ಕಡಿಸ್ಕೊ” ಎಂದು ನನ್ನ ಬಾಯಿಂದ ಹೇಳಬೇಕಿತ್ತು. ಮೂರು ದಿನ ಆ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಒಂದು ಸಲವೂ ಕೊನೆಮುಟ್ಟಿಸಲು ಆಗಲಿಲ್ಲ.

ಫ್ರಾಂಕ್‌ಫರ್ಟ್

ಗೋವೆಯವರೆಗೆ ನನ್ನ ಯಜಮಾನರು ಬಂದರು. ಅಲ್ಲಿಂದ ಮುಂಬೈ, ಮುಂಬೈಯಿಂದ ಜರ್ಮನಿಯ ಫ್ರಾಂಕ್‌ಫರ್ಟ್. ದೊಡ್ಡ ವಿಮಾನದಲ್ಲಿ ಹೆದರಿಕೆ ಅನಿಸಲಿಲ್ಲ. ಅದು ಹಾರುತ್ತಿದೆ ಎಂದೇ ಗೊತ್ತಾಗಲಿಲ್ಲ, ಮದುವೆಯ ಮನೆಯಲ್ಲಿ ಸಾಲಾಗಿ ಕುಳಿತಂತೆ ಇತ್ತು. ಹೆದರಿದ್ದು ಇಳಿದ ಮೇಲೆ.

ಗಾಜಿನ ಗೂಡಿನೊಳಗಿನ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ, ಬಂದ ಉದ್ದೇಶವೇನು, ಪ್ರವಾಸವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಪ್ಪತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನನಗೆ ಒಂದೂ ವಾಕ್ಯ ಹುಟ್ಟಲಿಲ್ಲ. “ಬ್ರದರ್. ಲೆಗ್” ಎಂದೆ. ಅವನು ಮತ್ತೊಮ್ಮೆ ಕೇಳಿದ. ನಾನು ಮತ್ತೆ ಅದನ್ನೇ ಹೇಳಿ ನನ್ನ ಕಾಲು ಮುಟ್ಟಿ ತೋರಿಸಿದೆ. ಹಿಂದಿನ ಸಾಲು ಪೂರ್ತಿ ನನ್ನ ಕಾಲನ್ನೇ ನೋಡಿತು. ಆಸ್ಪತ್ರೆಯ ಪತ್ರ ಕೈಯಲ್ಲೇ ಇದೆ ಎಂಬುದು ಆಮೇಲೆ ನೆನಪಾಯಿತು. ಓದಿದ ಅವನ ಮುಖ ಮೆತ್ತಗಾಯಿತು. ಮುದ್ರೆ ಒತ್ತಿ, ಬೆರಳಿನಿಂದಲೇ ದಾರಿ ತೋರಿಸಿದ.

ಮುಂದೆ ಚೀಲ ತಪಾಸಣೆ. ಕೈಗವಸು ತೊಟ್ಟ ಹೆಂಗಸು ಆಯಿಯ ಪೊಟ್ಟಣವನ್ನು ಹೊರತೆಗೆದು, ಒಂದು ಪದರ ಬಿಚ್ಚಿದಳು, ಎರಡನೆಯದು ಬಿಚ್ಚಿದಳು. ಮೂರನೆಯದನ್ನು ಬಿಚ್ಚಿದಾಗ ಅಲ್ಲಿದ್ದ ನಾಲ್ಕು ಮಂದಿ ಒಟ್ಟಿಗೆ ಹಿಂದೆ ಸರಿದರು. ಕೇಣಿಯ ಬೇಲೆಯಲ್ಲಿ, ಸಮುದ್ರದ ದಂಡೆಯಲ್ಲಿ, ನಮಗೆ ಗೊತ್ತೇ ಆಗದ ಆ ವಾಸನೆ, ಒರೆಸಿ ಹೊಳೆಯುತ್ತಿದ್ದ ಆ ಜಾಗದಲ್ಲಿ ಹೆಣದಂತೆ ನಾರಿತು. ನನ್ನನ್ನು ಹಿಂದಕ್ಕೆ ಕಳಿಸುತ್ತಾರೆಂದೇ ಎಣಿಸಿ ಆಸ್ಪತ್ರೆಯ ಪತ್ರವನ್ನು ಅವಳ ಮುಂದೆಯೂ ಚಾಚಿದೆ. ಅವಳು ಪೊಟ್ಟಣವನ್ನು ಮಾತ್ರ ಕಸದ ಡಬ್ಬಕ್ಕೆ ಹಾಕಿದಳು. ನನ್ನನ್ನು ಮುಂದೆ ಬಿಟ್ಟಳು.

ಲಿಸ್ಬನ್

ಲಿಸ್ಬನ್ನಿನಲ್ಲಿ ಇಳಿದಾಗ ಬೆಳಗಿನ ಹನ್ನೊಂದು. ಫುಂಚಾಲಿನ ವಿಮಾನಕ್ಕೆ ಇನ್ನೂ ಎರಡು ಗಂಟೆ. ಅಲ್ಲಿಯ ಅಂಗಡಿಯೊಂದರಲ್ಲಿ ಒಣಗಿಸಿದ ದೊಡ್ಡ ಮೀನುಗಳನ್ನು ಹಲಗೆಗಳಂತೆ ಪೇರಿಸಿಟ್ಟು ಮಾರುತ್ತಿದ್ದರು! ನೀಟಾಗಿ ಕೋಟು ತೊಟ್ಟ ಗಂಡಸರು ಅವನ್ನು ಮೂಸಿ ನೋಡಿ ಕೊಳ್ಳುತ್ತಿದ್ದರು. ಆಯಿಯ ಸಿಗಡಿಗೆ ಅಷ್ಟು ಅವಮಾನ ಮಾಡಿದ ಖಂಡದಲ್ಲಿ ಇದೇನು ನ್ಯಾಯವೆಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದೈದು ನಿಮಿಷ ಹೆದರಿಕೆ ಮರೆತಿದ್ದೆ.

ನಮ್ಮ ವಿಮಾನ ಹತ್ತುವ ಬಾಗಿಲಿನ ಹತ್ತಿರ ಬಂದಾಗ ಅದು ತಿರುಗಿ ಬಂತು. ಅಲ್ಲಿ ಕುಳಿತವರೆಲ್ಲ ಗೋಡೆಯ ಫಲಕವನ್ನು ನೋಡುತ್ತ ಒಂದೇ ಶಬ್ದ ಆಡುತ್ತಿದ್ದರು: “ವೆಂತು, ವೆಂತು.” ಪಕ್ಕದಲ್ಲಿ ಕಪ್ಪು ಲಂಗ, ಕಪ್ಪು ಶಾಲು ಹೊದ್ದ ಮುದುಕಿಯೊಬ್ಬಳಿದ್ದಳು. ವೆಂತು ಎಂದರೇನೆಂದು ನಾನು ಕೈಸನ್ನೆಯಲ್ಲಿ ಕೇಳಿದೆ. ಅವಳು ಕೆನ್ನೆ ಉಬ್ಬಿಸಿ ನನ್ನ ಮುಖಕ್ಕೆ ‘ಉಫ್’ ಎಂದು ಊದಿದಳು. ಗಾಳಿ.

ಅವಳ ಹೆಸರು ಫಿಲೊಮೆನಾ. ನನ್ನ ಜೊತೆ ಕಲಿಸುವ ಕಾರವಾರದ ಅಕ್ಕೋರ ಹೆಸರೂ ಅದೇ ಆದ್ದರಿಂದ ನನಗೆ ಪರಿಚಯದವರು ಸಿಕ್ಕಷ್ಟು ಸಮಾಧಾನವಾಯಿತು. ಅವಳಿಗೆ ಇಂಗ್ಲಿಷ್ ಹತ್ತೋ ಹನ್ನೆರಡೋ ಶಬ್ದ. ಬುಟ್ಟಿಯಿಂದ ರೊಟ್ಟಿ ಮುರಿದು ಕೊಟ್ಟು “ಪಾವ್” ಎಂದಳು. ನಾವೂ ಪಾವ್ ಅನ್ನುತ್ತೇವೆ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ಆಲೂಗೆಡ್ಡೆಯ ಚೂರನ್ನೆತ್ತಿ ತೋರಿಸಿದಳು. “ಬಟಾಟೆ” ಎಂದೆ. ಕೈಚೀಲದ ಬೀಗದಕೈ ತೋರಿಸಿದಳು. “ಚಾವಿ” ಎಂದೆ. ಮುದುಕಿ ಎದೆಗೆ ಕೈಯಿಟ್ಟುಕೊಂಡು ಸುತ್ತಲಿನವರನ್ನೆಲ್ಲ ಕರೆದು, ಸೀರೆ ಉಟ್ಟ ಈ ಹೆಂಗಸು ತನ್ನ ಭಾಷೆ ಆಡುತ್ತಾಳೆಂದು ಸಾರಿದಳು. ಕಾರವಾರದ ಕಡೆ ಕೊಂಕಣಿ, ಕನ್ನಡ ಎರಡರಲ್ಲೂ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳಿವೆ ಎಂದು ಓದಿದ್ದೆ. ಅವು ಒಂದು ದಿನ ನನ್ನ ಕೈ ಹಿಡಿಯುತ್ತವೆಂದು ತಿಳಿದಿರಲಿಲ್ಲ.

ಎಲ್ಲಿಗೆ, ಯಾಕೆ ಎಂದು ಕೇಳಿದಳು. “ಬ್ರದರ್” ಎಂದು ನನ್ನ ಮೊಣಕಾಲಿನ ಕೆಳಗೆ ಅಂಗೈಯನ್ನು ಗರಗಸದಂತೆ ಆಡಿಸಿದೆ. ಫಿಲೊಮೆನಾ ನಗು ನಿಲ್ಲಿಸಿ ಕೊರಳ ಜಪಸರವನ್ನು ಹೊರಗೆಳೆದುಕೊಂಡಳು. ವಿಮಾನ ಹತ್ತುವಾಗ ತನ್ನ ಪಕ್ಕದ ಗಂಡಸನ್ನು ಎಬ್ಬಿಸಿ ಆ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡಳು.

ಆಕಾಶ

ಒಂದೂ ಕಾಲು ಗಂಟೆ ಏನೂ ಆಗಲಿಲ್ಲ. ಕೆಳಗೆ ನೀಲಿ ಸಮುದ್ರ, ಅದರ ಮೇಲೆ ಸಣ್ಣ ಸಣ್ಣ ಬಿಳಿ ಗೀರುಗಳು. ಮೀನುಗಾರರ ಮಗಳಿಗೆ ಗೀರುಗಳ ಅರ್ಥ ಗೊತ್ತು. ಅಷ್ಟು ಮೇಲಿನಿಂದ ಬಿಳಿ ಕಾಣಬೇಕಾದರೆ ಕೆಳಗೆ ಅಲೆ ಒಡೆಯುತ್ತಿರಬೇಕು.

ಆಮೇಲೆ ಬೆಟ್ಟ ಬಂತು. ಸಮುದ್ರದಿಂದ ನೇರ ಎದ್ದ ಹಸಿರು ಬೆಟ್ಟ, ಮೈತುಂಬ ಕೆಂಪು ಹಂಚಿನ ಮನೆಗಳು. ವಿಮಾನ ಇಳಿಯುವ ಜಾಗ ಆ ಬೆಟ್ಟದ ಪಾದದಲ್ಲಿ, ಅರ್ಧ ನೆಲದ ಮೇಲೆ, ಅರ್ಧ ಸಮುದ್ರದಂಚಿನಲ್ಲಿ ಎಬ್ಬಿಸಿದ ಕಂಬಗಳ ಮೇಲೆ. ಅದನ್ನು ಫಿಲೊಮೆನಾ ನನಗೆ ಕೈಬೆರಳುಗಳನ್ನು ಕಂಬ ಮಾಡಿ ತೋರಿಸಿದ್ದಳು. ತೋರಿಸದಿದ್ದರೆ ಚೆನ್ನಾಗಿತ್ತು.

ಮೊದಲು ವಿಮಾನ ಒಮ್ಮೆಲೆ ಕೆಳಗೆ ಬಿತ್ತು. ಕಾಲಡಿಯಿಂದ ನೆಲವನ್ನು ಎಳೆದುಕೊಂಡ ಹಾಗೆ. ಹಿಂದೆ ಯಾರೋ ಕೂಗಿದರು. ಮತ್ತೆ ಮೇಲೆದ್ದು, ಎಡಕ್ಕೆ ವಾಲಿ, ಬಲಕ್ಕೆ ವಾಲಿತು. ಗಗನಸಖಿಯರು ಓಡಿಹೋಗಿ ತಮ್ಮ ಕುರ್ಚಿಗೆ ಪಟ್ಟಿ ಬಿಗಿದುಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬಸ್ಸು ಹಾರಿದಾಗ ಕಂಡಕ್ಟರನ ಮುಖ ನೋಡುವುದು ನನ್ನ ಅಭ್ಯಾಸ. ಅವನು ಚೀಟಿ ಹರಿಯುತ್ತಿದ್ದರೆ ಚಿಂತೆಯಿಲ್ಲ. ಇಲ್ಲಿ ಆ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು.

ಕಿಟಕಿಯಲ್ಲಿ ಮನೆಗಳು ನಮ್ಮ ಸಮಕ್ಕೆ ಬಂದವು. ಒಂದು ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಗಿಸಿದ ಹಗ್ಗ ಕಂಡಿತು. ಬಿಳಿ ಹಚ್ಚಡವೊಂದು ಗಾಳಿಗೆ ಅಡ್ಡವಾಗಿ, ನೆಲಕ್ಕೆ ಸಮನಾಗಿ ನಿಂತಿತ್ತು. ಬೆಟ್ಟದ ಕಡೆಯ ರೆಕ್ಕೆ ಕೆಳಗಾಯಿತು. ಇನ್ನೇನು ತಾಗಿತು ಎನ್ನುವಾಗ ಎಂಜಿನ್ನು ಗರ್ಜಿಸಿತು. ಬೆನ್ನು ಕುರ್ಚಿಗೆ ಅಂಟಿತು. ಬೆಟ್ಟ, ಮನೆ, ಹಚ್ಚಡ ಎಲ್ಲವೂ ಕೆಳಗೆ ಜಾರಿದವು. ನಾವು ಮತ್ತೆ ಬರೀ ನೀಲಿಯೊಳಗೆ ಇದ್ದೆವು.

ಚಾಲಕರು ಏನೋ ಹೇಳಿದರು, ಮತ್ತೊಮ್ಮೆ ಪ್ರಯತ್ನಿಸುತ್ತೇವೆ ಎಂದು ಇಂಗ್ಲಿಷಿನಲ್ಲೂ ಹೇಳಿದರು. ವಿಮಾನ ದೊಡ್ಡ ಸುತ್ತು ಹಾಕಿತು. ಫಿಲೊಮೆನಾ ಜಪಸರದ ಒಂದು ತುದಿಯನ್ನು ನನ್ನ ಬೆರಳಿಗೆ ಸುತ್ತಿ ಇನ್ನೊಂದು ತುದಿಯನ್ನು ತಾನು ಹಿಡಿದಳು. ನಾನು ಅಂಕೋಲೆಯ ದೇವಿ ಭೂಮ್ತಾಯಿಯನ್ನು ಕರೆದೆ. ಭೂಮಿಯನ್ನು ಅಷ್ಟು ಆಸೆಯಿಂದ ನಾನು ಎಂದೂ ಕರೆದಿರಲಿಲ್ಲ.

ಈಗ ಬರೆಯುವುದು ಬರೆಯಲು ಕಷ್ಟದ ಮಾತು. ಎರಡನೆಯ ಸಲ ಆ ಕೆಂಪು ಹಂಚುಗಳು ಕಿಟಕಿಗೆ ಬಂದಾಗ ನಾನು ಬೇಡಿಕೊಂಡದ್ದು ಇಳಿಯಲಿ ಎಂದಲ್ಲ. ಹಿಂದೆ ಹೋಗಲಿ, ಲಿಸ್ಬನ್ನಿಗೆ ಹೋಗಲಿ, ಮುಂಬೈಗೆ ಹೋಗಲಿ, ಈ ದ್ವೀಪ ನನಗೆ ಬೇಡ ಎಂದು. ಗಣಪುವಿನ ಹೆಸರು ನನ್ನ ನಾಲಗೆಯ ಮೇಲೆ ಇರಲಿಲ್ಲ. ಅವನಿಗೆ ಕಾಲಿದೆ, ಅದು ಕೊಳೆಯುತ್ತಿದೆ, ಅದಕ್ಕಾಗಿ ನಾನು ಹೊರಟಿದ್ದೇನೆ, ಯಾವುದೂ ನೆನಪಿರಲಿಲ್ಲ. ನಾನೊಬ್ಬಳು ಬದುಕಬೇಕಿತ್ತು.

ಎಂಜಿನ್ನು ಎರಡನೆಯ ಸಲ ಗರ್ಜಿಸಿತು. ಮತ್ತೆ ಮೇಲೆ. ಯಾರೋ ವಾಂತಿ ಮಾಡಿದರು. ಚಾಲಕರ ಮಾತಿನಲ್ಲಿ ನನಗೆ ಕೇಳಿಸಿದ್ದು “ಪೋರ್ಟೊ” ಎಂಬ ಒಂದೇ ಶಬ್ದ. ನಕ್ಷೆಯಲ್ಲಿ ಪೋರ್ಟೊ ನೋಡಿದ್ದೆ. ಲಿಸ್ಬನ್ನಿಗಿಂತಲೂ ಆಚೆ ಇರುವ ಊರು. ಹಿಂದೆ ಹೋಗುತ್ತಿದ್ದೇವೆ! ಮೈಯೆಲ್ಲ ಸಡಿಲವಾಗಿ ನಿಟ್ಟುಸಿರು ಬಂತು. ಆ ಉಸಿರು ಮುಗಿಯುವ ಮೊದಲೇ ತಮ್ಮ ನೆನಪಾದ.

“ಪೋರ್ಟೊ?” ಎಂದು ಫಿಲೊಮೆನಾಳ ತೋಳು ಅಲುಗಿಸಿದೆ.

“ಪೋರ್ಟೊ ಸಾಂತೊ” ಎಂದು ಅವಳು ತಿದ್ದಿ ಬೆರಳಿನಿಂದ ಗಾಳಿಯಲ್ಲಿ ಒಂದು ಸಣ್ಣ ಉರುಟು ಬರೆದಳು. ಪಕ್ಕದಲ್ಲಿ ಇನ್ನೊಂದು ದ್ವೀಪವಿತ್ತು.

ಪೋರ್ಟೊ ಸಾಂತೊ

ಅಲ್ಲಿ ನೆಲ ಚಪ್ಪಟೆ. ಚಕ್ರ ನೆಲ ಮುಟ್ಟಿದಾಗ ಎಲ್ಲರೂ ನಾಟಕ ಮುಗಿದಂತೆ ಚಪ್ಪಾಳೆ ಹೊಡೆದರು. ಐದು ನಿಮಿಷದಲ್ಲಿ ಕಾಫಿಯಂಗಡಿಯ ಮುಂದೆ ಸಾಲು ನಿಂತು ನಗುತ್ತಿದ್ದರು. ಆ ದ್ವೀಪದವರಿಗೆ ಇದು ವರ್ಷಕ್ಕೆ ಹಲವು ಸಲ ಆಗುವ ಸಂಗತಿಯಂತೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದಾದರೆ ಬಸ್ಸಿನ ಜನ ಇಳಿದು ಚಾ ಕುಡಿಯುವುದಿಲ್ಲವೇ, ಹಾಗೆ. ನಾನು ಮಾತ್ರ ಸಾಲಿಗೆ ಹೋಗದೆ ಫೋನು ಹುಡುಕಿದೆ.

ಗಾಳಿ ಕಡಿಮೆಯಾದರೆ ನಾಳೆ ವಿಮಾನ, ಇಲ್ಲವಾದರೆ ಸಂಜೆಯ ಹಡಗು ಎಂದರು. ಫುಂಚಾಲಿನ ವಿಮಾನನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದ ಹಡಗು ಕಂಪನಿಯ ಪ್ರತಿನಿಧಿ ಜೊರ್ಜ್ ಎಂಬವರಿಗೆ ಫೋನು ಮಾಡಿದೆ. ಸಿಗಲಿಲ್ಲ. ಮತ್ತೆ ಮಾಡಿದೆ. ಸಿಗಲಿಲ್ಲ. ಕೊನೆಗೆ ಆಸ್ಪತ್ರೆಯ ನಂಬರಿಗೆ ಮಾಡಿದೆ. ವಾರ್ಡಿನ ಹೆಂಗಸಿಗೆ ಇಂಗ್ಲಿಷ್ ಇಲ್ಲ. ಗಣಪತಿ, ಗಣಪತಿ ಎಂದು ಹತ್ತು ಸಲ ಕೂಗಿದೆ. ಅವಳು ಏನೋ ಉದ್ದಕ್ಕೆ ಹೇಳತೊಡಗಿದಳು. ನಾನು ಫೋನನ್ನು ಫಿಲೊಮೆನಾಳ ಕಿವಿಗೆ ಇಟ್ಟೆ.

ಮುದುಕಿ ಕೇಳುತ್ತ ಹೋದಳು. ನಡುನಡುವೆ ಏನೋ ಪ್ರಶ್ನೆ ಹಾಕಿದಳು. ಅವಳ ಮುಖ ಬದಲಾಗುವುದನ್ನು ನಾನು ನೋಡಿದೆ. ಫೋನು ಇಟ್ಟವಳು ನನ್ನೆರಡೂ ಕೈಗಳನ್ನು ಹಿಡಿದುಕೊಂಡು ಹೇಳಲು ಶಬ್ದ ಹುಡುಕಿದಳು. ಪಾವ್, ಬಟಾಟೆ, ಚಾವಿ ಇದಕ್ಕೆ ಸಾಲವು. ಕೊನೆಗೆ ಲಿಸ್ಬನ್ನಿನಲ್ಲಿ ನಾನು ಮಾಡಿದ್ದ ಸನ್ನೆಯನ್ನೇ ಮಾಡಿದಳು. ತನ್ನ ಕಪ್ಪು ಲಂಗದ ಮೇಲೆ, ಮೊಣಕಾಲಿನ ಕೆಳಗೆ, ಅಂಗೈಯನ್ನು ಆಡಿಸಿದಳು. ಆಮೇಲೆ ಕೈಗಡಿಯಾರ ತೋರಿಸಿ “ನೌ” ಎಂದಳು.

“ಜೀವ?” ಎಂದು ಕನ್ನಡದಲ್ಲೇ ಕೇಳಿದೆ. ಅವಳಿಗೆ ತಿಳಿಯಿತು. ತಲೆಯಾಡಿಸಿ, ಹೌದು, ಹೌದು ಎಂಬಂತೆ ಎದೆ ಮುಟ್ಟಿ ತೋರಿಸಿದಳು.

ಆದರೆ ಸಹಿ ಮಾಡಿದವರು ಯಾರು? ನಾನಿಲ್ಲದೆ ಅವನು ಮಾಡುವವನಲ್ಲ. ಪ್ರಜ್ಞೆ ತಪ್ಪಿತೇ? ಬಲವಂತ ಮಾಡಿದರೇ? ಅರಿವಳಿಕೆ ಇಳಿದಾಗ ಕಾಲಿನ ಜಾಗ ಮುಟ್ಟಿಕೊಂಡು, ಸುತ್ತ ಗುರುತಿಲ್ಲದ ಮುಖಗಳನ್ನು ನೋಡಿ, ಅಕ್ಕ ಬರಲಿಲ್ಲ ಎಂದುಕೊಳ್ಳುತ್ತಾನೆ. ಹಾಗೆ ಎಣಿಸಿದಾಗ ವಿಮಾನದಲ್ಲಿ ಬಾರದಿದ್ದ ಅಳು ಬಂತು.

ಹಡಗಿನ ಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಬೇಲೆ. ನಮ್ಮ ಕೇಣಿಗಿಂತ ಉದ್ದ, ಬಂಗಾರದ ಬಣ್ಣದ ಮರಳು. ಬೆಟ್ಟದ ಮರೆಯಲ್ಲಿ ಗಾಳಿ ಇಲ್ಲದ ಕಡೆ ಏಳೆಂಟು ಮುದುಕ ಮುದುಕಿಯರು ಸಾಲಾಗಿ ಕುಳಿತಿದ್ದರು. ಹತ್ತಿರ ಹೋದಾಗ ನೋಡುತ್ತೇನೆ, ಅವರಿಗೆ ಯಾರಿಗೂ ಕಾಲುಗಳೇ ಇಲ್ಲ! ಸೊಂಟದಿಂದ ಕೆಳಗೆ ಬರೀ ಮರಳು. ನಾನು ಕಿರುಚಿದೆನೆಂದು ತೋರುತ್ತದೆ. ಫಿಲೊಮೆನಾ ಗಾಬರಿಯಾಗಿ ನಿಂತಳು. ಆಮೇಲೆ ತಿಳಿಯಿತು, ಕೀಲುನೋವಿಗೆ ಆ ಬಿಸಿ ಮರಳು ಒಳ್ಳೆಯದೆಂದು ಅಲ್ಲಿಯವರು ಕಾಲು ಹೂತುಕೊಂಡು ಕೂರುತ್ತಾರಂತೆ. ಒಬ್ಬ ಮುದುಕ ನನ್ನನ್ನು ನೋಡಿ ನಗುತ್ತ ಮರಳಿನೊಳಗಿಂದ ತನ್ನ ಹೆಬ್ಬೆರಳು ಎತ್ತಿ ಆಡಿಸಿದ. ನನಗೆ ನಗಲು ಆಗಲಿಲ್ಲ.

ಹಡಗು

ಎರಡು ಗಂಟೆ ಚಿಲ್ಲರೆಯ ದಾರಿ. ಅಲೆ ಜೋರಿದೆ, ನಾಳೆ ಹೋಗುತ್ತೇವೆ ಎಂದು ವಿಮಾನದ ಅರ್ಧ ಜನ ಅಲ್ಲೇ ಉಳಿದರು. ಸಮುದ್ರಕ್ಕೆ ನಾನು ಹೆದರುವವಳಲ್ಲ ಎಂಬ ಜಂಬ ನನಗಿತ್ತು. ಅಪ್ಪನ ದೋಣಿಯಲ್ಲಿ ಕೂತು ಬೆಳೆದವಳು. ಹಡಗು ಕಟ್ಟೆ ಬಿಟ್ಟು ಕಾಲು ಗಂಟೆಗೆ ಜಂಬ ಇಳಿಯಿತು. ಆ ಸಮುದ್ರ ನಮ್ಮದಲ್ಲ. ನಮ್ಮ ಅಲೆ ಬರುವುದು ಗೊತ್ತಾಗುತ್ತದೆ, ಇದು ಎಲ್ಲ ಕಡೆಯಿಂದ ಬರುತ್ತಿತ್ತು. ನಾನು ನೆಲದ ಮೇಲೆ ಕುಳಿತು ಕಬ್ಬಿಣದ ಕಂಬ ತಬ್ಬಿಕೊಂಡೆ. ಕೇಣಿಯ ಮಗಳು ಹೊಟ್ಟೆಯೊಳಗಿದ್ದ ಪಾವನ್ನೆಲ್ಲ ಕಕ್ಕಿದಳು. ಕಪ್ಪು ಶಾಲಿನ ತುದಿಯಿಂದ ಫಿಲೊಮೆನಾ ನನ್ನ ಬಾಯಿ ಒರೆಸಿದಳು. ಅವಳಿಗೆ ಏನೂ ಆಗಿರಲಿಲ್ಲ.

ಹೊತ್ತು ಮುಳುಗುವಾಗ ಫುಂಚಾಲಿನ ದೀಪಗಳು ಬೆಟ್ಟದ ತುಂಬ ಹತ್ತುತ್ತಿದ್ದವು. ನಾವು ಹಡಗಿನಲ್ಲಿ ಬರುವುದನ್ನು ವಿಮಾನದವರಿಂದ ತಿಳಿದು, ಕಟ್ಟೆಯ ಮೇಲೆ ನನ್ನ ಹೆಸರು ಬರೆದ ರಟ್ಟು ಹಿಡಿದು ಜೊರ್ಜ್ ನಿಂತಿದ್ದರು. ಆಪರೇಷನ್ ಮುಗಿದಿದೆ, ಮಲಗಿದ್ದಾನೆ, ಬೆಳಿಗ್ಗೆ ನೋಡಬಹುದು ಎಂದರು.

“ಸಹಿ ಯಾರು ಮಾಡಿದರು?” ಎಂದು ಕೇಳಿದೆ.

“ಅವರೇ.”

“ನಂಬುವುದಿಲ್ಲ.”

ಜೊರ್ಜ್ ಹೆಗಲು ಹಾರಿಸಿದರು. “ನಾಳೆ ಅವರನ್ನೇ ಕೇಳಿ” ಎಂದರು.

ಫಿಲೊಮೆನಾಳ ಮಗ ಅವಳನ್ನು ಕರೆದೊಯ್ಯಲು ಬಂದಿದ್ದ. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಅವಳು ಹೊರಟುಹೋದಳು. ಅವಳನ್ನು ಮತ್ತೆ ನೋಡಲಿಲ್ಲ. ವಿಳಾಸ ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಫುಂಚಾಲ್

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಉದ್ದದ ಓಣಿಯಲ್ಲಿ ನಡೆಯುವಾಗ ಕಾಲು ಹಿಂದೆ ಹಿಂದೆ ಎಳೆಯುತ್ತಿತ್ತು. ನನ್ನನ್ನು ನೋಡಿ ಅವನು ಮುಖ ತಿರುಗಿಸಿದರೆ? ಬಾಗಿಲಲ್ಲಿ ಒಂದು ನಿಮಿಷ ಗೋಡೆ ಹಿಡಿದು ನಿಂತೆ.

ಗಣಪು ದಿಂಬಿಗೆ ಒರಗಿ ಕುಳಿತಿದ್ದ. ಗಲ್ಲ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು. ಹೊದಿಕೆ ಎಡಗಡೆ ಪಾದದವರೆಗೆ ಉಬ್ಬಿತ್ತು, ಬಲಗಡೆ ಅರ್ಧಕ್ಕೇ ತಗ್ಗಿತ್ತು. ಅಲ್ಲಿ ನೋಡಬಾರದೆಂದು ಅವನ ಮುಖವನ್ನೇ ನೋಡುತ್ತ ಹೋದೆ.

“ಬಂದ್ಯಾ ಅಕ್ಕಾ” ಎಂದ. ಕೈ ಚಾಚಿದ. “ನೀ ಜೀವಂತ ಇದ್ದೆ ಅಂತ ಇವ್ರು ಹೇಳಿದ್ರು. ನಾ ನಂಬಲಿಲ್ಲ ಕಾಣು.”

“ನಂಗೆ ಎಂತ ಆಗ್ಯದೆ? ನಿಂಗೆ ಯಾರು ಬಲವಂತ ಮಾಡಿದ್ರು ಹೇಳು. ಸಹಿ ಎಂತಕ್ಕೆ ಮಾಡ್ದೆ?”

ಅವನು ನೀರು ಕೇಳಿ ಕುಡಿದ. ಆಮೇಲೆ ಹೇಳಿದ. ನಿನ್ನೆ ಮಧ್ಯಾಹ್ನ ಜೊರ್ಜ್ ವಿಮಾನನಿಲ್ದಾಣದಿಂದ ವಾರ್ಡಿಗೆ ಫೋನು ಮಾಡಿ, ಅಕ್ಕನ ವಿಮಾನ ಇಳಿಯಲಾಗದೆ ಸುತ್ತುತ್ತಿದೆ, ಬರುವುದು ತಡವಾಗುತ್ತದೆ ಎಂದು ಅವನಿಗೆ ತಿಳಿಸಲು ಹೇಳಿದರಂತೆ. ಫೋನೆತ್ತಿದ ದಾದಿಗೆ ಇಂಗ್ಲಿಷ್ ಇಲ್ಲ. ಅವಳು ಅಂಗೈಯನ್ನು ವಿಮಾನ ಮಾಡಿ ತೋರಿಸಿದಳು. ಕೆಳಗೆ ಬಂತು, ಮೇಲೆ ಹೋಯಿತು. ಮತ್ತೆ ಕೆಳಗೆ ಬಂತು, ಮೇಲೆ ಹೋಯಿತು.

“ಅವಳ ಕೈ ನಡುಗ್ತಿತ್ತು ಅಕ್ಕಾ. ಅವಳ ಕೈ ನಡುಗಿದ್ದೋ, ವಿಮಾನ ನಡುಗಿದ್ದನ್ನ ತೋರಿಸ್ತಾ ಇದ್ದಾಳೋ ನಂಗೆ ತಿಳೀಲಿಲ್ಲ. ಬಸ್ಸಲ್ಲಿ ಕಣ್ಣು ಮುಚ್ಚೂವಳನ್ನ ನನ್ನ ಒಂದು ಕಾಲಿಗೋಸ್ಕರ ಆಕಾಶದಲ್ಲಿ ತೂಗಿ ಹಾಕಿದ್ನಲ್ಲಾ ಅನ್ನಿಸ್ತು. ಕಾಗ್ದ ಕೊಡಿ ಅಂತ ಕೈಸನ್ನೆ ಮಾಡ್ದೆ. ಸಹಿ ಹಾಕ್ದೆ. ಕಾಲು ತಕ್ಕೊ, ಅವಳನ್ನ ಬಿಡು ಅಂದೆ. ಯಾರಿಗೆ ಅಂದ್ನೋ ಗೊತ್ತಿಲ್ಲ. ಎದುರಿಗೆ ಕಿಟಕಿ ಇತ್ತು, ಸಮುದ್ರ ಕಾಣ್ತಿತ್ತು. ಅದ್ಕೇ ಅಂದಿರ್ಬೇಕು.”

ನಾನು ಅವನ ಕೈ ಬಿಟ್ಟೆ. ಹಿಡಿದುಕೊಂಡಿರಲು ನಾಚಿಕೆಯಾಯಿತು. ಅದೇ ನಿಮಿಷಗಳಲ್ಲಿ ನಾನು ಏನು ಬೇಡಿಕೊಂಡಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಹೇಳದೆ ಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

“ತಮಾ, ನಾ ಒಂದು ಹೇಳ್ತೆ. ನೀ ಸಿಟ್ಟು ಮಾಡಬೇಡಾ” ಎಂದೆ. “ಮೇಲೆ ಇರೂವಾಗ ನಂಗೆ ನಿನ್ನ ನೆನಪು ಬರ್ಲಿಲ್ಲ. ಒಂದು ಸಲಾನೂ ಬರ್ಲಿಲ್ಲ. ವಿಮಾನ ಹಿಂದೆ ಹೋಗ್ಲಿ, ಹಿಂದೆ ಹೋಗ್ಲಿ ಅಂತಿದ್ದೆ.”

ಅವನು ನನ್ನನ್ನು ನೋಡಿದ. ತುಟಿ ಅದುರಿತು. ಅಳುತ್ತಾನೆ ಎಂದುಕೊಂಡೆ. ನಕ್ಕುಬಿಟ್ಟ. ನಕ್ಕು ನೋವಾಗಿ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ನಾನೂ ಬೇಡ್ಕಂಡಿದ್ದು ಅದೇ ಅಕ್ಕಾ. ಹಿಂದೆ ಹೋಗ್ಲಿ ಅಂತ. ಮತ್ತೆ ಮೂರ್ನೇ ಸಲ ಇಳಿಸೂದು ಬ್ಯಾಡ ಅಂತ!”

ಮೂರು ದಿನದಿಂದ ಕಟ್ಟಿದ್ದದ್ದು ಆಗ ಒಡೆಯಿತು. ನಾನು ಅವನ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಅಪ್ಪ ತೀರಿದ ದಿನ ನಾನು ಅವನಿಗೆ ಹಾಗೆ ಮಾಡಿದ್ದೆ.

ಸ್ವಲ್ಪ ಹೊತ್ತಿಗೆ ದಾದಿ ತಳ್ಳುಗಾಡಿಯಲ್ಲಿ ಹತ್ತಿ, ಬಟ್ಟೆ, ಔಷಧ ತಂದಳು. ಗಾಯದ ಕಟ್ಟು ಬಿಚ್ಚುವ ಹೊತ್ತು. ನನಗೆ ಹೊರಗೆ ಹೋಗಲು ಸನ್ನೆ ಮಾಡಿದಳು. ನಾನು ಎದ್ದೆ. ರಕ್ತ ನೋಡಿದರೆ ತಲೆ ತಿರುಗುವವಳು ನಾನು. ಮಕ್ಕಳ ಮೊಣಕಾಲು ತರಚಿದರೂ ಬೇರೆ ಅಕ್ಕೋರನ್ನು ಕರೆಯುವವಳು.

ಗಣಪು ನನ್ನ ಸೆರಗು ಹಿಡಿದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ.

“ಹೋಗಬೇಡಾ. ನಿನ್ನೆಯಿಂದ ನಾ ಅತ್ಲಾಗೆ ನೋಡ್ಲಿಲ್ಲ. ನಂಗೆ ಹೆದ್ರಿಕೆ ಆಗ್ತದೆ. ನೀ ನೋಡು. ನೋಡಿ ನಂಗೆ ಕನ್ನಡದಲ್ಲಿ ಹೇಳು.”

ಅವನು ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದ. ದಾದಿ ನನ್ನನ್ನೂ ಅವನನ್ನೂ ನೋಡಿ, ಸುಮ್ಮನೆ ಹೊದಿಕೆ ಸರಿಸಿ ಕಟ್ಟು ಬಿಚ್ಚತೊಡಗಿದಳು. ಒಂದು ಸುತ್ತು, ಎರಡು ಸುತ್ತು, ಮತ್ತೊಂದು. ನನ್ನ ಕಿವಿಯೊಳಗೆ ಎಂಜಿನ್ನಿನಂತೆ ರಕ್ತ ಬಡಿಯುತ್ತಿತ್ತು. ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದೆ. ಕೊನೆಯ ಬಟ್ಟೆ ಬಂತು.

ನೋಡಿದೆ. ಹೊಲಿಗೆ ನೇರವಾಗಿತ್ತು. ಸುತ್ತಲಿನ ಚರ್ಮ ನಮ್ಮ ಗಣಪುವಿನ ಚರ್ಮದ ಬಣ್ಣದ್ದೇ ಆಗಿತ್ತು. ಕಪ್ಪು ಎಲ್ಲೂ ಇರಲಿಲ್ಲ, ಕೆಟ್ಟ ವಾಸನೆ ಇರಲಿಲ್ಲ.

“ಚೊಕ್ಕ ಅದೆ, ತಮಾ” ಎಂದೆ. ಅವನು ಕಣ್ಣು ತೆರೆಯಲಿಲ್ಲ. ನನ್ನ ದನಿ ನಡುಗಿದ್ದು ಕೇಳಿಸಿತೇನೋ ಎಂದು ಇನ್ನೊಮ್ಮೆ, ತರಗತಿಯಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳಿದೆ: “ಪೂರಾ ಚೊಕ್ಕ ಅದೆ.”